ಮೂರು ಚುಕ್ಕೆಯ ಚಕ್ರಗಳು

ನಮ್ಮ ಭಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ. ಅದು ನನ್ನ ಅಕ್ಕನಿಗೆ ಗೊತ್ತು, ಬ್ಯಾಂಕಿನವರಿಗೆ ಗೊತ್ತು. ಉಳಿದವರಿಗೆಲ್ಲ ಅವರು ಬೇಡಪ್ಪ. ಗುಂಡಿಗೆ ಬಿದ್ದು ಸೊಟ್ಟಗಾದ ಕಾರಿನ ವೀಲನ್ನೋ, ಎಲ್ಲೋ ಅಗ್ಗಕ್ಕೆ ಕಂಡ ಹಳೇ ಜೋಡಿಯನ್ನೋ ಹೊತ್ತುಕೊಂಡು ಬಂದು "ಇದನ್ನ ತಗೊಂಡು ರಿಪೇರಿ ಮಾಡಿಸಬೋದಾ ಅಣ್ಣ?" ಎಂದು ಯಾರು ಕೇಳಿದರೂ, ಭಾವ ಅದನ್ನು ಕಾಲು ಗಂಟೆ ತಿರುವಿ ಮುರುವಿ ನೋಡಿ, ಹತ್ತರಲ್ಲಿ ಆರು ಸಲ ಹೇಳುತ್ತಿದ್ದುದು ಒಂದೇ ಮಾತು: "ಬೇಡಪ್ಪ." ಕೇಳಿದವರು ಹೆಂಗಸಾಗಿದ್ದರೂ ಬೇಡಪ್ಪ, ಪೊಲೀಸಾಗಿದ್ದರೂ ಬೇಡಪ್ಪ.

ಮನೆಯಲ್ಲೂ ಅದೇ ಪಾಡು. ಮಗಳು ಈಜು ಕಲಿಯುತ್ತೇನೆಂದಾಗ ಬೇಡ, ದೂರದ ಕಾಲೇಜು ಬೇಡ, ಗೋಡೆಗೆ ನೀಲಿ ಬಣ್ಣ ಬೇಡ. ಮೊದಲ ಸಲ ನಮ್ಮ ಮನೆಗೆ ಬಂದಾಗ ತಿಂಡಿ ಬೇಡ, ಕಾಫಿ ಬೇಡ, ಕೊನೆಗೆ ನೀರೂ ಬೇಡ ಎಂದು ಕೂತಿದ್ದ ಈ ಮನುಷ್ಯ ಹುಡುಗಿಯನ್ನೂ ಬೇಡ ಎಂದುಬಿಟ್ಟಾನು ಎಂದು ನಮ್ಮ ಅಪ್ಪ ಹೆದರಿದ್ದರು. ಅಕ್ಕನ ವಿಷಯದಲ್ಲಿ ಮಾತ್ರ ಹೂಂ ಎಂದರು. ಅಲ್ಲಿಗೆ ಅವರ ಹೂಂಗಳ ದಾಸ್ತಾನು ಮುಗಿಯಿತು ಎಂದು ಅಕ್ಕ ನಗುತ್ತಾಳೆ.

ಯಾಕೆ ಹೀಗೆ ಎಂದು ಕೇಳಬೇಡಿ. ಹಳೆಯ ನೋವು, ಎಂದೋ ಆದ ಅಪಘಾತ ಅಂಥದ್ದೇನೂ ಇಲ್ಲ. ಕೆಲವರು ಹುಟ್ಟುತ್ತಲೇ ಹಾಗೆ. ಅವರ ಜೊತೆ ಇಪ್ಪತ್ತು ವರ್ಷ ದುಡಿದವನು ನಾನು. ನನ್ನ ಸೈಕಲ್ ಅಂಗಡಿ ಮುಳುಗಿದಾಗ ಅಕ್ಕ "ನಿಮ್ಮ ಜೊತೆ ಇಟ್ಕೊಳ್ರೀ" ಎಂದು ಹೇಳಿ ನನ್ನನ್ನು ಅಲ್ಲಿಗೆ ಸೇರಿಸಿದಳು. ಅವರ ಬೇಡ ಕೇಳಿ ಕೇಳಿ ನಾನು ಹಲ್ಲು ಕಡಿದದ್ದಕ್ಕೆ ಲೆಕ್ಕವಿಲ್ಲ. ಬಾಗಿಲಿಗೆ ಬಂದ ಗಿರಾಕಿಯನ್ನು ಒದ್ದು ಓಡಿಸಿದ ಹಾಗೆ ಇದೇನು ವ್ಯಾಪಾರ ಎಂದು ಎಷ್ಟೋ ಸಲ ಜಗಳ ಆಡಿದ್ದೇನೆ.

ಕೆಲಸದ ಜಾಗ ದೊಡ್ಡದೇನಲ್ಲ. ತಗಡಿನ ಚಾವಣಿ, ಮುಂದೆ ರಸ್ತೆ, ಹಿಂದೆ ಚರಂಡಿ. ಬಲಗೋಡೆಗೆ ಒತ್ತಿಕೊಂಡು ವೀಲಿನ ಸೊಟ್ಟ, ಅಂದರೆ ಬೆಂಡು, ತೆಗೆಯುವ ಯಂತ್ರ, ಅದರ ಪಕ್ಕ ಭಾವ ಕೂರುವ ಗಿಡ್ಡ ಸ್ಟೂಲು. ಎಡಕ್ಕೆ ನನ್ನ ರಾಜ್ಯ: ಟೈರು ಬಿಚ್ಚುವ ಯಂತ್ರ, ಬ್ಯಾಲೆನ್ಸಿಂಗ್ ಯಂತ್ರ, ಮೂಲೆಯಲ್ಲಿ ಗುಜರಿ ಗುಡ್ಡೆ. ಬಿರುಕು ಹಿಡಿಯಲು ಭಾವನದು ಹಳೇ ಕಾಲದ ಉಪಾಯ. ವೀಲಿನ ಒಂದು ಮೈಗೆ ಬ್ರಷ್ಷಿನಿಂದ ಸೀಮೆಎಣ್ಣೆ ಬಳಿಯುವುದು, ಇನ್ನೊಂದು ಮೈಗೆ ಸೀಮೆಸುಣ್ಣದ ಪುಡಿ ಉಜ್ಜುವುದು. ಆಮೇಲೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾಯುವುದು. ಬಿರುಕಿದ್ದರೆ ಎಣ್ಣೆ ಅದರೊಳಗಿಂದ ನುಸುಳಿ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿಸುತ್ತದೆ.

"ಸೊಟ್ಟ ಇದ್ರೆ ನೆಟ್ಟಗೆ ಮಾಡ್ಬೋದು, ತರಚಿದ್ರೆ ಬಣ್ಣ ಹಚ್ಚಬೋದು. ಕಡ್ಡಿ ಬುಡದಲ್ಲಿ ಬಿರುಕು ಬಿಟ್ಟಿದ್ರೆ ಬ್ರಹ್ಮ ಬಂದ್ರೂ ಆಗಲ್ಲ" ಎಂದು ಗಿರಾಕಿಗೆ ಗೆರೆ ತೋರಿಸುತ್ತಿದ್ದರು. ಕಡ್ಡಿ ಎಂದರೆ ವೀಲಿನ ನಡುವಿನಿಂದ ಅಂಚಿಗೆ ಹೋಗುವ ಕೈಗಳು. ಭಾರವೆಲ್ಲ ಅವುಗಳ ಮೇಲೆ.

ಒಬ್ಬ ಮಹಾನುಭಾವ ಭಾವ ಬೇಡ ಎಂದ ಒಂದೇ ವೀಲನ್ನು ಮೂರು ಸಲ ತಂದ. ಒಮ್ಮೆ ಬೆಳ್ಳಿ ಬಣ್ಣ, ಒಮ್ಮೆ ಕಪ್ಪು, ಒಮ್ಮೆ ಬೂದು. ಮೂರನೇ ಸಲ ಭಾವನೂ ಒಂದು ಕ್ಷಣ ಯಾಮಾರಿದರು. ಅವತ್ತಿನಿಂದ ಬೇಡ ಎಂದ ಪ್ರತಿ ವೀಲಿನ ಒಳಮುಖಕ್ಕೆ, ಕಾರಿಗೆ ಅಂಟಿಕೊಂಡು ಕೂರುವ ಜಾಗದಲ್ಲಿ, ಮೊನೆಯಿರುವ ಪಂಚು ಇಟ್ಟು ಸುತ್ತಿಗೆಯಿಂದ ಮೂರು ಚುಕ್ಕೆ ಹೊಡೆಯತೊಡಗಿದರು. ಅದರ ಅರ್ಥ ಗೊತ್ತಿದ್ದುದು ಇಬ್ಬರಿಗೇ, ಅವರಿಗೆ ಮತ್ತು ನನಗೆ. "ಹೇಳಿದ್ರೆ ಉಜ್ಜಿ ಅಳಿಸಿಬಿಡ್ತಾರೆ ಕಣೋ" ಎನ್ನುತ್ತಿದ್ದರು. ಅಂಥ ವೀಲನ್ನು ಅಲ್ಲೇ ಬಿಟ್ಟು ಹೋದವರಿಗೆ ಒಂದು ಸಲದ ಬ್ಯಾಲೆನ್ಸಿಂಗ್ ಬಿಟ್ಟಿ. ಬಿಟ್ಟಿ ಎಂದರೆ ಯಾರು ಬಿಡುತ್ತಾರೆ? ಎಲ್ಲರೂ ಬಿಟ್ಟು ಹೋಗುತ್ತಿದ್ದರು. ಬಿಟ್ಟು ಹೋದದ್ದನ್ನು ಗ್ರೈಂಡರಿನಿಂದ ಎರಡು ಹೋಳು ಮಾಡಿ ಆಮೇಲೆ ಗುಜರಿಗೆ ಹಾಕಬೇಕು, ಇಡೀ ವೀಲು ನಮ್ಮ ಬಾಗಿಲು ದಾಟಬಾರದು. ಹೋಳು ಮಾಡುವ ಕೆಲಸ ನನ್ನದು.

ಭಾವನ ಮಗಳು ಹಾಸಿಗೆ ಹಿಡಿದವರಿಗೆ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತಾಳೆ. ಬಿದ್ದು ಸೊಂಟ ಮುರಿದುಕೊಂಡವರು, ಒಂದು ಕಡೆ ಕೈಕಾಲು ಬಿದ್ದುಹೋದವರು ಅವಳ ದಾರಿ ಕಾಯುತ್ತಾ ಮಲಗಿರುತ್ತಾರೆ. ಹೋದ ವರ್ಷ ಅಪ್ಪನ ಬೇಡವನ್ನು ಪಕ್ಕಕ್ಕಿಟ್ಟು ಒಂದು ಹಳೇ ಚಿಕ್ಕ ಕಾರು ತೆಗೆದುಕೊಂಡಳು. ಕಾರು ಪಾಪದ್ದು, ಆದರೆ ಅದರ ಕಬ್ಬಿಣದ ವೀಲುಗಳು ತುಕ್ಕು ತಿಂದು ರಾತ್ರಿ ತುಂಬಿಸಿದ ಗಾಳಿ ಬೆಳಿಗ್ಗೆ ಇಲ್ಲ. ಮೂರು ದಿನಕ್ಕೊಮ್ಮೆ ರಸ್ತೆ ಬದಿಯಲ್ಲಿ ಪಂಪು ಹಿಡಿದು ನಿಲ್ಲುತ್ತಿದ್ದಳು. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿ ಡಿಕ್ಕಿ ತೆಗೆದಳು. ಒಳಗೆ ನಾಲ್ಕು ಅಲಾಯ್ ವೀಲುಗಳು, ಅಲ್ಯೂಮಿನಿಯಂನವು.

"ಅಪ್ಪ, ಹಳೇ ಬಿಡಿಭಾಗದ ಅಂಗಡೀಲಿ ಸಿಕ್ತು. ಮಧ್ಯಾಹ್ನದೊಳಗೆ ಬೇಕೋ ಬೇಡವೋ ಹೇಳ್ಬೇಕು, ಬೇಡ ಅಂದ್ರೆ ವಾಪಸ್ ಕೊಡ್ಬೇಕು. ಒಂದು ಸೊಟ್ಟಗಾಗಿದೆ, ಒಂದು ತರಚಿದೆ. ರಿಪೇರಿ ಮಾಡೋಕೆ ನೀನಿದೀಯ. ಇವತ್ತು ಬೇಡಪ್ಪ ಅನ್ನೋ ಹಾಗಿಲ್ಲ, ಹೂಂ ಅನ್ನೋದನ್ನ ಈಗಲೇ ಅಭ್ಯಾಸ ಮಾಡ್ಕೊ."

ಅಕ್ಕ ತಿಂಡಿಯ ಡಬ್ಬಿ ತಂದವಳು ಅಲ್ಲೇ ಇದ್ದಳು. "ಒಂದ್ಸಲ ಹೂಂ ಅಂದ್ರೆ ಬಾಯಿಂದ ಮುತ್ತೇನೂ ಉದುರಲ್ಲ" ಎಂದು ಮಗಳ ಪಕ್ಷ ವಹಿಸಿದಳು.

ಭಾವ ಮೊದಲನೆಯದನ್ನು ಯಂತ್ರಕ್ಕೆ ಏರಿಸಿದರು. ತಿರುಗಿಸಿ, ಮುಳ್ಳಿನ ಗೇಜು ಹಿಡಿದು ನೋಡಿದರು. ಅಂಚು ಒಂದು ಕಡೆ ಒಳಕ್ಕೆ ತಗ್ಗಿದೆ, ಬೆರಳುಗುರಿನಷ್ಟು. ಎಣ್ಣೆ, ಸುಣ್ಣ, ಚಹಾ. ಗೆರೆ ಮೂಡಲಿಲ್ಲ. ಎರಡನೆಯದು ಫುಟ್‌ಪಾತಿಗೆ ಉಜ್ಜಿದ್ದು, ಮೇಲಿನ ಚರ್ಮ ಸುಲಿದಿದೆ ಅಷ್ಟೆ. ಮೂರನೆಯದು ಕಲ್ಲಿನಂತಿತ್ತು. ಭಾವ ಕೈ ಒರೆಸಿಕೊಂಡರು. ಗಡ್ಡ ತುರಿಸಿಕೊಂಡರು. ಮಗಳ ಮುಖ ನೋಡಿದರು.

"ತಗೋಬೋದು" ಎಂದರು.

ಅಕ್ಕನ ಕೈಯಿಂದ ಡಬ್ಬಿಯ ಮುಚ್ಚಳ ಠಣ್ಣನೆ ಬಿತ್ತು. ನಾನು ಟೈರಿನೊಳಗೆ ಸಿಕ್ಕಿಸಿದ್ದ ಸಲಾಕೆಯನ್ನು ಹಾಗೇ ಬಿಟ್ಟು ನಿಂತೆ. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಬೇರೆಯವರ ವೀಲಿಗೆ ಇಷ್ಟು ಸಲೀಸಾಗಿ ಹೂಂ ಅಂದದ್ದನ್ನು ನಾನು ಕಂಡಿರಲಿಲ್ಲ. ಮಗಳು ಓಡಿ ಬಂದು ಅಪ್ಪನ ಎಣ್ಣೆ ಕೈಯನ್ನೇ ಹಿಡಿದು ಕುಲುಕಿದಳು. ಭಾವನಿಗೆ ನಾಚಿಕೆಯಾಯಿತು. "ಅದಿನ್ನೂ ಒಂದಿದೆಯಲ್ಲ, ತಗೊಂಬಾರೋ" ಎಂದು ನನ್ನನ್ನು ಡಿಕ್ಕಿಯ ಕಡೆಗೆ ಅಟ್ಟಿದರು.

ನಾಲ್ಕನೆಯದು ಎಲ್ಲಕ್ಕಿಂತ ಚೆಂದ. ಹೊಸ ಬಣ್ಣ, ಒಂದು ಗೀರಿಲ್ಲ. ಎತ್ತಿಕೊಳ್ಳಲು ತಿರುಗಿಸಿದೆ. ಒಳಮುಖದಲ್ಲಿ ಬಣ್ಣವನ್ನು ಚೊಕ್ಕವಾಗಿ ಉಜ್ಜಿ ತೆಗೆದು, ಎಲ್ಲರಿಗೂ ಕಾಣಲಿ ಎಂಬಂತೆ ಹೊಳಪು ಕೊಟ್ಟ ಜಾಗದಲ್ಲಿ ಮೂರು ಚುಕ್ಕೆಗಳಿದ್ದವು.

  ಈ ಚುಕ್ಕೆ ಇಲ್ಲಿ ಇರಲು ಸಾಧ್ಯವೇ ಇಲ್ಲ, ಎರಡು ಹೋಳಾದ ವೀಲಿಗೆ ಹೊಸ ಬಣ್ಣ ಯಾರು ಬಳಿಯುತ್ತಾರೆ? ಆದರೆ ಅದು ಹೋಳಾಗಿರಲಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು!

"ಭಾವ, ಇದನ್ನ ನಾನು ನೋಡ್ತೀನಿ. ನೀವು ಆ ಬೆಂಡ್ ತೆಗೀರಿ, ಹೊತ್ತಾಗತ್ತೆ" ಎಂದೆ.  ಭಾವ ಖುಷಿಯಲ್ಲಿದ್ದರು, ತಲೆಯಾಡಿಸಿದರು. ವೀಲನ್ನು ನನ್ನ ಮೂಲೆಗೆ ಒಯ್ದು, ಎಲ್ಲರಿಗೂ ಬೆನ್ನು ಮಾಡಿ ಕೂತು, ಲೋಹ ಉಜ್ಜುವ ಅರ ಕೈಗೆತ್ತಿಕೊಂಡೆ. ಚುಕ್ಕೆ ಅಳಿಸಿಬಿಡುವುದು. ಆಮೇಲೆ ಎಣ್ಣೆ ಹಚ್ಚಿ ಬಿರುಕು ತೋರಿಸಿ, ಇದೊಂದು ಬೇಡ ಎನ್ನುವುದು. ಅಕ್ಕನ ಮಗಳಿಗೂ ಅಪಾಯವಿಲ್ಲ, ನನ್ನ ಮಾನವೂ ಉಳಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡು ಸಲ ಅರ ಎಳೆದಿದ್ದೆನೋ ಇಲ್ಲವೋ, ಹಿಂದಿನಿಂದ ಅವಳು ಚೀರಿದಳು.

"ಮಾವ! ಏನ್ ಮಾಡ್ತಿದೀಯ? ಅದನ್ನ ಉಜ್ಜಬೇಡ! ಅದರ ಬೆಲೆ ಇರೋದೇ ಆ ಚುಕ್ಕೇಲಿ!"

ವೀಲನ್ನು ನನ್ನ ಕೈಯಿಂದ ಕಿತ್ತುಕೊಂಡು ಅಪ್ಪನ ಮುಂದೆ ಇಟ್ಟಳು. ಇದನ್ನು ಕೊನೆಗೆ ಹೇಳಬೇಕು ಎಂದು ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು ಪಾಪ. ಮುಖವೆಲ್ಲ ನಗು.

"ಅಪ್ಪ, ಇದಕ್ಕಂತೂ ನೀನು ಬೇಡ ಅನ್ನೋ ಹಾಗೇ ಇಲ್ಲ. ಇದು ನೀನೇ ಪಾಸ್ ಮಾಡಿದ್ದು! ಅಂಗಡಿಯವರು ತೋರಿಸಿದ್ರು. ಮೂರು ಚುಕ್ಕೆ ಇದ್ರೆ ಬೇಡಪ್ಪ ನೋಡಿ ಬಿಟ್ಟಿರೋ ಮಾಲು, ಕಣ್ಣು ಮುಚ್ಕೊಂಡು ತಗೋಬೋದು ಅಂತೆ. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಗುರುತು ಹಾಕಿದಾರೆ ಅಂದ್ರೆ ಸುಮ್ನೆ ಅಲ್ಲ ಅಂತೆ. ಟ್ಯಾಕ್ಸಿಯವರು, ವ್ಯಾನಿನವರು ಚುಕ್ಕೆ ಇರೋದೇ ಬೇಕು ಅಂತ ಕೇಳ್ಕೊಂಡು ಬರ್ತಾರಂತೆ. ನಾನು ಅವರ ಮಗಳು ಅಂತ ಹೇಳಲೇ ಇಲ್ಲ, ಒಳಗೊಳಗೇ ನಗ್ತಾ ಇದ್ದೆ."

ಬೆಂಡು ತೆಗೆಯುವ ಯಂತ್ರ ಸುಮ್ಮನೆ ಗುಂಯ್ ಎನ್ನುತ್ತಿತ್ತು. ಭಾವ ಅದನ್ನು ಆರಿಸಲು ಕೈ ಚಾಚಿದರು, ಗುಂಡಿ ಸಿಗಲಿಲ್ಲ, ಎರಡು ಸಲ ತಡವಿದರು. ಮೂವತ್ತು ವರ್ಷ ಕಣ್ಣು ಮುಚ್ಚಿ ಒತ್ತಿದ ಗುಂಡಿ ಅದು. ಅವರ ಮುಖ ಸುಣ್ಣದ ಪುಡಿಯಷ್ಟೇ ಬಿಳಿಚಿತ್ತು.

"ಏನಂದೆ ಮಗಳೇ? ಇನ್ನೊಂದ್ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಈ ಸಲ ನಗು ಇರಲಿಲ್ಲ, ಅಪ್ಪನ ಮುಖ ನೋಡಿ ಹೆದರಿಕೆ ಶುರುವಾಗಿತ್ತು.

ಭಾವ ನೆಲಕ್ಕೆ ಕೂತು ತಾವೇ ಎಣ್ಣೆ ಬಳಿದರು, ಸುಣ್ಣ ಉಜ್ಜಿದರು. ಎಲ್ಲರೂ ಸುತ್ತ ನಿಂತೆವು. ಚಹಾದ ಲೋಟ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ಗೆರೆ ಮೂಡಿತು. ಕಡ್ಡಿಯ ಬುಡದಿಂದ ಹೊರಟು ಹೆಬ್ಬೆರಳಿನುದ್ದ ಹೋಗಿ ನಿಂತಿತು.

"ಆ ಬಿಳೀ ಕಾರಿನ ಮೇಷ್ಟ್ರದ್ದು ಇದು" ಎಂದರು ಭಾವ. "ಎರಡು ವರ್ಷ ಆಯ್ತು. ಆಗ ಇದು ಉಗುರಿನಷ್ಟಿತ್ತು." ಆಮೇಲೆ ತಲೆ ಎತ್ತದೆ ನನ್ನನ್ನು ಕೇಳಿದರು. "ಇದನ್ನ ಕತ್ತರಿಸಿದ್ಯೇನೋ?"

"ಹೂಂ ಭಾವ, ಕತ್ತರಿಸಿದ್ದೆ."

"ಕತ್ತರಿಸಿದ್ದು ಮತ್ತೆ ಕೂಡ್ಕೊಂಡು ಬಂತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈಯಲ್ಲಿ ಅರ ಇನ್ನೂ ಇತ್ತು. ಅಕ್ಕ ಅದನ್ನು ನೋಡಿದಳು, ಚುಕ್ಕೆಗಳ ಮೇಲಿನ ಹೊಸ ಗೀರು ನೋಡಿದಳು, ನನ್ನ ಮುಖ ನೋಡಿದಳು. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಹೀಗೇ ಒಂದು ವೀಲು ಕತ್ತರಿಸುವಾಗ ಅಲ್ಯೂಮಿನಿಯಂ ಚೂರೊಂದು ಸಿಡಿದು ನನ್ನ ಎಡಗಣ್ಣಿಗೆ ಹೊಕ್ಕಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಭಾವ ನನ್ನ ಮಂಚದ ಪಕ್ಕ ಕೂತಿದ್ದರು. ಕಣ್ಣು ಉಳಿಯಿತು. "ಇನ್ಮೇಲೆ ನಾನೇ ಕತ್ತರಿಸ್ತೀನಿ, ನೀನು ಅದರ ತಂಟೆಗೆ ಹೋಗಬೇಡ" ಎಂದರು. ನಾನು ಗಂಡಸಲ್ಲವೇ! "ಏನಿಲ್ಲ ಭಾವ, ನಾನೇ ಮಾಡ್ತೀನಿ" ಎಂದೆ. ಆಮೇಲೆ ಮೊದಲ ಸಲ ಗ್ರೈಂಡರ್ ಕೈಗೆತ್ತಿಕೊಂಡಾಗ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅದೇ ಹೊತ್ತಿಗೆ ಗುಜರಿಯವನು ಬಂದ. "ಯಾಕಣ್ಣ ಒದ್ದಾಡ್ತೀರ, ನೆಟ್ಟಗೆ ಕುಲುಮೆಗೇ ಹೋಗೋದು, ಇಡೀದೇ ಹಾಕಿ" ಎಂದ. ಅವತ್ತು ಹಾಕಿದೆ. ಆಮೇಲೆ ಅದೇ ರೂಢಿಯಾಯಿತು. ಭಾವ ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಿದ್ದೆ. ಅವನು ಅವನ್ನು ಕುಲುಮೆಗೆ ಹಾಕದೆ, ಬೇಡಪ್ಪನ ಕಡೆಯ ಮಾಲು ಎಂದು ಬಿಡಿಭಾಗದ ಅಂಗಡಿಗೆ ಮಾರುತ್ತಿದ್ದ ಎಂಬುದು ಈಗ ಹೊಳೆಯಿತು. ಹೆದರಿಕೆಯಾಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಹೇಳಲಾರದೆ ನಾಲ್ಕು ವರ್ಷ ಕಳೆದೆ.

ಇದನ್ನೆಲ್ಲ ನಿಂತಲ್ಲೇ ಹೇಳಿದೆ. ಭಾವ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಕೇಳಿದ್ದು ಒಂದೇ.

"ಎಷ್ಟು?"

"ತಿಂಗಳಿಗೆ ಎರಡು. ಹೆಚ್ಚು ಕಡಿಮೆ."

ಮಗಳು ಮೆಲ್ಲಗೆ ಹೇಳಿದಳು, "ತೊಂಬತ್ತಾರು."

ಅಕ್ಕ ಬೆಂಚಿನ ಮೇಲೆ ಕುಸಿದಳು. "ಅಯ್ಯೋ ನಿನ್ನ ಮನೆ ಹಾಳಾಗ" ಎಂದಳು. ನನ್ನ ಮನೆಯೂ ಅವಳ ಮನೆಯೂ ಒಂದೇ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪಿರಲಿಲ್ಲ.

ಭಾವ ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಮಗಳ ಕಾರಿನಲ್ಲಿ ಕೂತರು. ನಾನು ಕರೆಯದಿದ್ದರೂ ಹಿಂದಿನ ಸೀಟಿನಲ್ಲಿ ಕೂತೆ. ನನ್ನ ಪಕ್ಕದಲ್ಲಿ ಆ ನಾಲ್ಕು ವೀಲುಗಳು.  ಮುಂದೆ, ಹಿಂದೆ, ಪಕ್ಕದಲ್ಲಿ ಕಾರುಗಳು ಓಡುತ್ತಿದ್ದವು. ಪ್ರತಿಯೊಂದರ ವೀಲನ್ನೂ ಭಾವ ಕತ್ತು ತಿರುಗಿಸಿ ನೋಡುತ್ತಿದ್ದರು. ನೋಡಿ ಏನು ಸುಖ? ಚುಕ್ಕೆ ಇರುವುದು ಒಳಮುಖಕ್ಕೆ, ಬಿಚ್ಚದೆ ಕಾಣುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ಆದರೂ ನೋಡುತ್ತಿದ್ದರು.

ಬಿಡಿಭಾಗದ ಅಂಗಡಿಯವನು ಭಾವನನ್ನು ಕಂಡದ್ದೇ ಎದ್ದು ನಿಂತ. "ಬೇಡಪ್ಪಣ್ಣ! ನೀವೇ ಬಂದ್ರಾ! ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ಒರೆಸಿದ. ಗೋಡೆಯ ತುಂಬ ಕಬ್ಬಿಣದ ಹಲಗೆಗಳಲ್ಲಿ ವೀಲುಗಳು ಪೇರಿಸಿದ್ದವು. ಕಣ್ಣಿನ ಮಟ್ಟಕ್ಕೆ ಬರುವ ಒಂದು ಹಲಗೆ ಮಾತ್ರ ಬೇರೆ. ಅದರಲ್ಲಿ ಒಂಬತ್ತು ವೀಲುಗಳನ್ನು ಒಳಮುಖ ಹೊರಗೆ ಮಾಡಿ, ಚುಕ್ಕೆ ಕಾಣುವ ಹಾಗೆ ಸಾಲಾಗಿ ನಿಲ್ಲಿಸಿದ್ದ. "ನೋಡಿ, ನಿಮ್ಮ ಮಾಲಿಗೆ ಬೇರೇನೇ ಜಾಗ ಕೊಟ್ಟಿದೀನಿ" ಎಂದು ಎದೆಯುಬ್ಬಿಸಿ ತೋರಿಸಿದ.

"ಮೂರು ಚುಕ್ಕೆ ಅಂದ್ರೆ ಬೇಡ ಅಂತ" ಎಂದರು ಭಾವ.

ಅಂಗಡಿಯವನು ನಕ್ಕ. ತಮಾಷೆ ಎಂದುಕೊಂಡ. ಭಾವ ನಗಲಿಲ್ಲ, ಮಗಳು ನಗಲಿಲ್ಲ, ನಾನಂತೂ ನೆಲ ನೋಡುತ್ತಿದ್ದೆ. ಅವನ ನಗು ನಿಧಾನಕ್ಕೆ ಇಳಿಯಿತು. "ಏನಂದ್ರಿ ಅಣ್ಣ? ನಾನು ಮೂರು ವರ್ಷದಿಂದ ಇದನ್ನೇ... ನನ್ನ ಅಳಿಯನ ಕಾರಿಗೂ ನಾಲ್ಕು ಇದೇ ಹಾಕ್ಸಿದೀನಲ್ಲ" ಎಂದವನು ಜೇಬಿನಲ್ಲಿ ಫೋನಿಗಾಗಿ ತಡಕಾಡತೊಡಗಿದ.

ಭಾವ ಒಂಬತ್ತನ್ನೂ ಒಂದೊಂದಾಗಿ ಕೆಳಗಿಳಿಸಿದರು. ಏಳನ್ನು ಪಕ್ಕಕ್ಕಿಟ್ಟರು. ಇನ್ನೆರಡನ್ನು ಹಿಡಿದು ಚುಕ್ಕೆಯ ಮೇಲೆ ಬೆರಳಾಡಿಸಿ, "ಇದು ನನ್ನ ಪಂಚಲ್ಲ" ಎಂದರು. ಅಂಗಡಿಯವನು ತಲೆ ತಗ್ಗಿಸಿ ಒಪ್ಪಿಕೊಂಡ. ಚುಕ್ಕೆಯ ಮಾಲಿಗೆ ಬೇಡಿಕೆ ಹೆಚ್ಚಿ, ಸಾಲದೆ ಬಂದಾಗ ಅವನೇ ಕೂತು ಹೊಡೆದ ಚುಕ್ಕೆಗಳವು. ಅಲ್ಲೇ ಎಣ್ಣೆ ಸುಣ್ಣ ತರಿಸಿ ನೋಡಿದರು. ನಕಲಿ ಚುಕ್ಕೆಯ ಎರಡೂ ವೀಲುಗಳು ಅಪ್ಪಟ ಗಟ್ಟಿ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಸುಳ್ಳನ್ನು ಕೊಂಡವರು ಕ್ಷೇಮ, ಭಾವನ ಸತ್ಯವನ್ನು ಕೊಂಡವರ ಕೆಳಗೆ ಬಿರುಕು ಓಡುತ್ತಿತ್ತು.

ಹೊರಡುವಾಗ ಮಗಳು ಆ ಮೂರು ಒಳ್ಳೆಯ ವೀಲುಗಳನ್ನು ತೋರಿಸಿ ಮೆಲ್ಲಗೆ ಕೇಳಿದಳು. "ಅಪ್ಪ, ಇದನ್ನೇನು ಮಾಡ್ಲಿ? ತಗೊಳ್ಲಾ, ಬೇಡ್ವಾ? ಇಲ್ಲಿ ಇದಕ್ಕೆ ಹೊಂದೋ ಇನ್ನೊಂದನ್ನ ಹುಡುಕಬೋದು."

ಭಾವ ಆ ವೀಲುಗಳನ್ನು ನೋಡುತ್ತಾ ನಿಂತರು. ಎರಡು ಗಂಟೆಯ ಹಿಂದೆ ತಾವೇ ನೋಡಿದವು, ತಾವೇ ಹೂಂ ಎಂದವು.

"ನಂಗೆ ಗೊತ್ತಾಗ್ತಿಲ್ಲ ಮಗಳೇ" ಎಂದರು.

ನಾನು ಅವರನ್ನು ನೋಡಿದೆ. ಹೂಂ ಎಂದಾಗ ಆದ ಬೆರಗು ಇದರ ಮುಂದೆ ಏನೂ ಅಲ್ಲ. ಇಪ್ಪತ್ತು ವರ್ಷ ನಾನು ಶಪಿಸಿದ ಆ ಬೇಡವನ್ನು ಆಗ ಅವರು ಒಂದು ಸಲ ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದೆ. ಮಗಳು ಮತ್ತೆ ಕೇಳಲಿಲ್ಲ. ಮೂರನ್ನೂ ಅಲ್ಲೇ ಬಿಟ್ಟಳು, ಬಿರುಕಿನದನ್ನೂ ಹಲಗೆಯ ಆ ಏಳನ್ನೂ ನಾವು ಹೊತ್ತು ತಂದೆವು.

ಆ ಮಧ್ಯಾಹ್ನವೇ ಭಾವ ಒಂದು ತಗಡಿಗೆ ಬಿಳಿ ಬಣ್ಣ ಹೊಡೆದು, ಒಣಗುವವರೆಗೂ ಅದರ ಮುಂದೆ ಕೂತಿದ್ದು, ದಪ್ಪ ಕಪ್ಪಕ್ಷರದಲ್ಲಿ ಬರೆದರು. "ಒಳಗೆ ಮೂರು ಚುಕ್ಕೆ ಇರುವ ವೀಲು ಓಡಿಸಬೇಡಿ. ತಂದುಕೊಡಿ, ಬದಲಿಗೆ ಒಳ್ಳೆಯದು ಕೊಡುತ್ತೇನೆ. ಬೇಡಪ್ಪ." ಜನ ಇಟ್ಟ ಆ ಹೆಸರನ್ನು ಅವರೇ ಬರೆದುಕೊಂಡದ್ದು ಅದೇ ಮೊದಲು. ಮಗಳು ಅದರ ಫೋಟೋ ತೆಗೆದು ತನಗೆ ಗೊತ್ತಿದ್ದವರಿಗೆಲ್ಲ ಕಳಿಸಿದಳು. ಅಂಗಡಿಯವನು ನೆನಪಿದ್ದ ಗಿರಾಕಿಗಳಿಗೆ ಫೋನು ಮಾಡಿದ. ಅವನ ಅಳಿಯ ಅವತ್ತೇ ಸಂಜೆ ನಾಲ್ಕನ್ನೂ ಬಿಚ್ಚಿ ತಂದ.

ಬಂದವರಲ್ಲಿ ಹೆಚ್ಚಿನವರು ನಂಬಲಿಲ್ಲ. "ಇಷ್ಟು ದಿನ ಓಡಿದೆಯಲ್ಲ ಅಣ್ಣ, ಏನಾಗಿದೆ?" ಎಂದರು. ಕೆಲವರು ಬದಲಿ ವೀಲಿನ ಆಸೆಗೆ ಬಂದರು. ಕೆಲವರು ಬರಲೇ ಇಲ್ಲ, ಇದೇನೋ ಹೊಸ ವ್ಯಾಪಾರದ ಉಪಾಯ ಎಂದರಂತೆ. ಭಾವ ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಇಲ್ಲ. ಗ್ರೈಂಡರನ್ನು ತಾವೇ ಎತ್ತಿಕೊಂಡರು. ಕತ್ತರಿಸುವ ಮೊದಲು ನನ್ನ ಕಡೆ ನೋಡಿ "ಹೊರಗೆ ಹೋಗು, ಚೂರು ಸಿಡಿಯತ್ತೆ" ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಹನ್ನೊಂದನೆಯ ದಿನಕ್ಕೆ, ಅಂಗಡಿಯಿಂದ ತಂದವೂ ಸೇರಿ, ಮೂವತ್ತೊಂದು ವೀಲುಗಳು ವಾಪಸ್ಸಾಗಿದ್ದವು. ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಶಾಲೆಯ ವ್ಯಾನೊಂದು ಬಂದು ನಿಂತಿತು. ಡ್ರೈವರ್ ಮೂವತ್ತರ ಆಸುಪಾಸಿನವನು, ನಗುಮುಖದವನು. ಇಳಿದವನೇ ಬೋರ್ಡು ನೋಡಿ, "ನನ್ನ ಹತ್ರ ಎರಡಿದೆ ಅಣ್ಣ, ಹಿಂದಿನವು. ನಿಮ್ಮ ಚುಕ್ಕೆ ನೋಡೇ ತಗೊಂಡಿದ್ದು. ಮಕ್ಕಳಿಗೆ ಚೆಂದ ಕಾಣ್ಲಿ ಅಂತ ಅಲಾಯ್ ಹಾಕ್ಸಿದ್ದೆ" ಎಂದ. ಒಳಗೆ ಸೀಟಿನ ಮೇಲೆ ಯಾರದೋ ಚಿಕ್ಕ ನೀರಿನ ಬಾಟಲಿ ಮರೆತುಹೋಗಿತ್ತು.

ನಾನು ಜಾಕು ಕೊಟ್ಟು ಎರಡನ್ನೂ ಬಿಚ್ಚಿದೆ. ಎಡಗಡೆಯದಕ್ಕೆ ಗೆರೆ ಬೆರಳುದ್ದ ಇತ್ತು. ಬಲಗಡೆಯದಕ್ಕೆ ಸುಣ್ಣವೇ ಬೇಕಾಗಲಿಲ್ಲ. ಗಾಳಿ ತೆಗೆದು ಟೈರಿನ ಅಂಚಿಗೆ ಸಲಾಕೆ ಹಾಕಿ ಒಮ್ಮೆ ಎತ್ತಿದ್ದಷ್ಟೇ, ಎರಡು ಕಡ್ಡಿಗಳ ಬುಡ ಲಟಕ್ಕೆಂದಿತು. ಅಂಗೈಯಗಲದ ತುಂಡು ಕಳಚಿ ನನ್ನ ಕಾಲ ಬಳಿ ಬಿತ್ತು.

ಡ್ರೈವರ್ ಆ ತುಂಡನ್ನು ಎತ್ತಿಕೊಂಡ. ಹಿಂದೆ ಮುಂದೆ ತಿರುಗಿಸಿದ.

"ಬೆಳಿಗ್ಗೆ ಹದಿನಾಲ್ಕು ಮಕ್ಕಳು ಕೂತಿದ್ರು" ಎಂದ. ಅವನು ಹೇಳಿದ್ದು ನಮಗಲ್ಲ. ಟೈರಿನ ಮೇಲೆ ಕೂತುಬಿಟ್ಟ. ಭಾವ ಒಂದು ಲೋಟ ನೀರು ತಂದುಕೊಟ್ಟರು. ಅವನು ಕುಡಿಯಲಿಲ್ಲ.

"ಇದನ್ನ ಇಲ್ಲಿಂದ ಹೊರಗೆ ಬಿಟ್ಟವರು ಯಾರು?" ಎಂದು ಕೇಳಿದ.

"ನಾನು" ಎಂದರು ಭಾವ. "ನನ್ನ ಗುರುತು, ನನ್ನ ತಪ್ಪು."

 ಹನ್ನೊಂದು ದಿನದಿಂದ ಬಂದವರೆಲ್ಲ ಇದನ್ನೇ ಕೇಳಿದ್ದರು, ಭಾವ ಹೀಗೇ ಹೇಳಿದ್ದರು. ನಾನು ಆಗೆಲ್ಲ ಮೂಲೆಯಲ್ಲಿ ಟೈರು ಬಿಚ್ಚುತ್ತಾ ಕೇಳಿಸದವನಂತೆ ಇದ್ದೆ.

"ಅವರಲ್ಲ" ಎಂದೆ. "ಅವರು ಬೇಡ ಅಂದಿದ್ರು. ಬಿಟ್ಟವನು ನಾನು."

ಡ್ರೈವರ್ ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡು ಸುಮ್ಮನೆ ನಿಂತೆ. ಅವನು ಹೊಡೆಯಲಿಲ್ಲ. "ಇನ್ನೂ ಎಷ್ಟಿವೆ ಹೊರಗೆ?" ಎಂದು ಕೇಳಿದ.

"ಅರವತ್ಮೂರು."

ಅವನು ಗೋಡೆಯ ಗಡಿಯಾರ ನೋಡಿದ. ಶಾಲೆ ಬಿಡಲು ಎರಡು ಗಂಟೆ ಇತ್ತು. ಮುಂದಿನ ಎರಡು ವೀಲುಗಳನ್ನೂ ಬಿಚ್ಚಿ ನೋಡಿ ಎಂದ. ಅವುಗಳಿಗೆ ಚುಕ್ಕೆ ಇರಲಿಲ್ಲ, ಗೆರೆಯೂ ಮೂಡಲಿಲ್ಲ, ಆದರೂ ಅವನಿಗೆ ಸಮಾಧಾನವಾಗಲಿಲ್ಲ. "ಇವತ್ತು ಈ ವ್ಯಾನಿಗೆ ಮಕ್ಕಳನ್ನ ಹತ್ತಿಸಲ್ಲ" ಎಂದು ಜೇಬಿನಿಂದ ಫೋನು ತೆಗೆದ. ಒಂದೊಂದೇ ಮನೆಗೆ ಮಾಡತೊಡಗಿದ. "ಮೇಡಂ, ಇವತ್ತು ವ್ಯಾನ್ ಬರಲ್ಲ, ನೀವೇ ಹೋಗಿ ಕರ್ಕೊಂಡು ಬನ್ನಿ." "ಸಾರ್, ಇವತ್ತು ವ್ಯಾನ್ ಬರಲ್ಲ." ಪ್ರತಿ ಸಲವೂ ಅದೇ ಮಾತು, ಅದೇ ತಗ್ಗಿದ ದನಿ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಭಾವ ಆ ಮುರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

ಹದಿಮೂರಾಯಿತು. ಹದಿನಾಲ್ಕನೆಯದು ಅವನ ಮನೆಗೇ. "ನಾನೇ ಕಣೇ" ಎಂದ. "ಮಗಳನ್ನ ಇವತ್ತು ನೀನೇ ಹೋಗಿ ಕರ್ಕೊಂಡು ಬಾ." ಆ ಕಡೆಯಿಂದ ಅವಳು ಏನೋ ಕೇಳಿದಳು, ಯಾಕೆ ಎಂದೇ ಇರಬೇಕು. ಅವನು ಎದ್ದು ಬಂದು ಫೋನನ್ನು ನನ್ನ ಕೈಗಿಟ್ಟ.

"ಹಲೋ? ಏನಾಯ್ತು ರೀ? ಯಾಕ್ ಮಾತಾಡ್ತಿಲ್ಲ?" ಎನ್ನುತ್ತಿದ್ದಳು ಅವಳು. ನಾನು ಕಣ್ಣು ಮುಚ್ಚಿಕೊಂಡು, ನಾನು ಯಾರು ಎಂಬುದರಿಂದ ಶುರು ಮಾಡಿದೆ.